ಪ್ಯಾರಾಥೈರಾಯಿಡ್ ಗ್ರಂಥಿಗಳ ಚಿತ್ರಣ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ತಾಲ್ಲೂಕುಗಳಿಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳು ಬತ್ತಿದಾಗ ಜನರು ಕೊಳವೆಬಾವಿಗಳನ್ನು ಆಶ್ರಯಿಸಿದರು. ಬಂಡೆಗಳ ನಡುವಣ ಈ ನೀರಿನಲ್ಲಿ ಫ್ಲೋರೈಡು ಹಲವೆಡೆ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು. ಬಹುಕಾಲ ಅದನ್ನು ಕುಡಿದವರ ಹಲ್ಲು ಕಂದುಗಟ್ಟುವುದು, ಕೀಲುಗಳು ಬಿಗಿಯುವುವು. ಆದಕಾರಣ ಈ ಸೀಮೆಯಲ್ಲಿ ಮೂಳೆನೋವೆಂದರೆ ನೀರಿನ ದೋಷವೆಂದೇ ಊಹಿಸುವುದು ಸಹಜ. ಆದರೆ ಅದಕ್ಕೆ ಬೇರೊಂದು ಕಾರಣವೂ ಇರಬಹುದು. ಅದು ಶಸ್ತ್ರಚಿಕಿತ್ಸೆಯಿಂದ ಗುಣವಾಗತಕ್ಕದ್ದು.

ಕಂಠದಲ್ಲಿ ಥೈರಾಯಿಡ್ ಗ್ರಂಥಿಯ ಹಿಂಬದಿಗೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳಿರುವುವು. ಥೈರಾಯಿಡಿನ ಪಕ್ಕದವು ಎಂಬುದೇ ಹೆಸರಿನ ಅರ್ಥ. ಮನುಷ್ಯದೇಹದಲ್ಲಿ ಇವನ್ನು 1880ರಲ್ಲಿ ವಿವರಿಸಿದವನು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್. ರಕ್ತದ ಕ್ಯಾಲ್ಸಿಯಮನ್ನು ಹದದಲ್ಲಿಡುವುದು ಇವುಗಳ ಕಾರ್ಯ. ಒಂದು ಗ್ರಂಥಿಯು ಗಂಟಾಗಿ ಬೆಳೆದು ತನ್ನ ಹಾರ್ಮೋನನ್ನು ಮಿತಿಮೀರಿ ಸ್ರವಿಸಿದರೆ, ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಸೇರಿ ಮೂಳೆ ಸವೆಯುವುದು. ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದೂ ಉಂಟು.

ಈ ಎರಡು ವ್ಯಾಧಿಗಳ ಭೇದವನ್ನು ಮೊದಲು ತಿಳಿಯಬೇಕು. ಫ್ಲೋರೈಡಿನ ಬಾಧೆಯಲ್ಲಿ ಕ್ಷಕಿರಣ ಚಿತ್ರವು ಮೂಳೆಯನ್ನು ಬಹುಮಟ್ಟಿಗೆ ದಟ್ಟವಾಗಿ ತೋರಿಸುವುದು. ಗ್ರಂಥಿಯ ಬಾಧೆಯಲ್ಲಿ ತೆಳುವಾಗಿ. ಫ್ಲೋರೈಡು ಎಲ್ಲ ಗ್ರಂಥಿಗಳನ್ನೂ ಕೆರಳಿಸುವುದುಂಟು. ಹಾರ್ಮೋನು ಹೆಚ್ಚಿದರೂ ಆಗ ಕ್ಯಾಲ್ಸಿಯಂ ಸಾಮಾನ್ಯವಾಗಿ ಏರದು. ಎರಡೂ ಏರಿದ್ದರೆ ಗ್ರಂಥಿರೋಗವನ್ನು ಶಂಕಿಸತಕ್ಕದ್ದು. ಹೀಗೆ ರೋಗನಿರ್ಣಯವು ರಕ್ತಪರೀಕ್ಷೆಯಿಂದ; ಗಂಟಿನ ನೆಲೆಯನ್ನು ತೋರಿಸುವುದಷ್ಟೇ ಚಿತ್ರಣದ ಕೆಲಸ.

ಆ ನೆಲೆಯನ್ನು ಅರಿಯುವುದು ಅಲ್ಪವಿಷಯವಲ್ಲ. ಗ್ರಂಥಿಯು ಕೆಲವೊಮ್ಮೆ ಎದೆಗೂಡಿನಲ್ಲಿ ಅಡಗಿರುವುದು. ಅಮೆರಿಕಾದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲನಿಗೆ ಆರು ಸಲ ಶಸ್ತ್ರಕ್ರಿಯೆ ನಡೆದರೂ ಗಂಟು ದೊರೆಯಲಿಲ್ಲ. 1932ರಲ್ಲಿ ಏಳನೆಯ ಸಲ ಎದೆಯಲ್ಲಿ ದೊರೆಯಿತು. ಆದರೆ ಅವನು ಬಹುದಿನ ಬದುಕಲಿಲ್ಲ.

ಇಂದು ಮೊದಲು ಅಲ್ಟ್ರಾಸೌಂಡಿನಿಂದ ಕಂಠವನ್ನು ಪರೀಕ್ಷಿಸುವರು. ಬಳಿಕ ಸೆಸ್ಟಾಮಿಬಿ ಎಂಬ ದ್ರವ್ಯಕ್ಕೆ ವಿಕಿರಣಶೀಲ ಟೆಕ್ನೀಷಿಯಮನ್ನು ಕೂಡಿಸಿ ರಕ್ತನಾಳಕ್ಕೆ ಚುಚ್ಚಿ ಒಮ್ಮೆ, ಸುಮಾರು ಎರಡು ಗಂಟೆಗಳ ಮೇಲೆ ಮತ್ತೊಮ್ಮೆ ಚಿತ್ರ ತೆಗೆಯುವರು. ಥೈರಾಯಿಡಿನಿಂದ ದ್ರವ್ಯವು ಬೇಗ ಜಾರುವುದು. ಕೆಟ್ಟ ಗ್ರಂಥಿಯಲ್ಲಿ ಅನೇಕವೇಳೆ ಉಳಿದು ಗುರುತು ತೋರುವುದು. ನೆಲೆ ತಿಳಿದಲ್ಲಿ ಸಣ್ಣ ಗಾಯದಿಂದಲೇ ಗಂಟನ್ನು ತೆಗೆಯಬಹುದು. ಚಿತ್ರದಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಆಗ ಅನುಭವಿ ಶಸ್ತ್ರವೈದ್ಯನು ನಾಲ್ಕು ಗ್ರಂಥಿಗಳನ್ನೂ ಹುಡುಕಿ ನೋಡುವನು.

ಇಂತಹ ಚಿತ್ರಣಕ್ಕೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಅನುಕೂಲವುಂಟು. ಆದರೆ ಅಲ್ಲಿಗೆ ಹೋಗುವ ದಾರಿ ಊರಿನ ರಕ್ತಪರೀಕ್ಷೆಯಿಂದಲೇ ತೊಡಗುವುದು. ಮೂಳೆ ನೋಯುವ ಪ್ರತಿಯೊಬ್ಬನನ್ನೂ ನೀರಿನ ರೋಗಿಯೆಂದು ಕೈಬಿಟ್ಟರೆ, ಗುಣವಾಗಬಹುದಾದವನೂ ಅವರೊಡನೆ ಉಳಿದುಹೋಗುವನು.