ಬಿ.ಪಿ. ಗುಳಿಗೆ ಮತ್ತು ನಮ್ಮ ಉಪವಾಸ

ಎರಡು ವರ್ಷದ ಹಿಂದೆ ದಶಲಕ್ಷಣ ಪರ್ವದ ಆರನೆಯ ದಿನ, ಸೊಲ್ಲಾಪುರದಲ್ಲಿ ನಮ್ಮ ಪರಿಚಯದ ಕಾಕಾ ಒಬ್ಬರು ಬಸದಿಯಿಂದ ಮನೆಗೆ ಬಂದು ಕುಳಿತವರು ಮತ್ತೆ ಏಳಲಾರದಾದರು. ಮಾತು ತೊದಲಿತು, ಬಲಗೈ ಮೇಲೇಳಲಿಲ್ಲ. ಉಪವಾಸದ ನಿಶ್ಶಕ್ತಿಯೆಂದು ತಿಳಿದು ಮನೆಯವರು ಎಣ್ಣೆ ತಿಕ್ಕುತ್ತ ಅರ್ಧ ದಿನ ಕಳೆದರು. ಆದದ್ದು ಲಕ್ವ. ಎಂಟು ವರ್ಷದಿಂದ ರಕ್ತದೊತ್ತಡಕ್ಕೆ ಗುಳಿಗೆ ನುಂಗುತ್ತಿದ್ದ ಅವರು, ಪರ್ವ ಮುಗಿಯುವವರೆಗೆ ಬೇಡವೆಂದು ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟುಬಿಟ್ಟಿದ್ದರು. "ಏನೂ ತ್ರಾಸ ಇರಲಿಲ್ಲ, ಹತ್ತು ದಿನಕ್ಕ ಏನಾಗತದ ಅಂದ್ಕೊಂಡ್ವಿ" ಎಂದು ಕಾಕೂ ಇಂದಿಗೂ ಹೇಳಿಕೊಂಡು ಅಳುತ್ತಾರೆ. ಕಾಕಾ ಈಗ ಜಪಮಾಲೆಯನ್ನು ಎಡಗೈಯಲ್ಲಿ ಎಣಿಸುತ್ತಾರೆ.

ತ್ರಾಸ ಇಲ್ಲದಿರುವುದೇ ಈ ರೋಗದ ಮೋಸ. ತಲೆನೋವು, ಕಣ್ಣು ಕತ್ತಲೆ ಬಂದರೆ ಮಾತ್ರ ಬಿ.ಪಿ. ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ತಪ್ಪು. 30ರಿಂದ 79 ವರ್ಷದೊಳಗಿನ ರಕ್ತದೊತ್ತಡದ ರೋಗಿಗಳಲ್ಲಿ ಶೇ. 46 ಜನರಿಗೆ ತಮಗೆ ರೋಗವಿರುವುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಗೊತ್ತಿಲ್ಲದೆಯೇ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ರಕ್ತನಾಳಗಳು ವರ್ಷಗಟ್ಟಲೆ ಸವೆಯುತ್ತಿರುತ್ತವೆ.

ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕೂ ಹೆಚ್ಚು ಬಂದರೆ ರಕ್ತದೊತ್ತಡ ಇದೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹೋಗಿ ಕೈ ಚಾಚಿದರೆ ಅಂಕೆ ಸರಿಯಾಗಿ ಬರುವುದಿಲ್ಲ. ಚಹಾ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಮೂತ್ರ ವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಮನೆಗೆ ಯಂತ್ರ ಕೊಳ್ಳುವವರು ಮಣಿಕಟ್ಟಿನದಕ್ಕಿಂತ ತೋಳಿಗೆ ಕಟ್ಟುವುದನ್ನೇ ಕೊಳ್ಳುವುದು ಒಳ್ಳೆಯದು.

ಇನ್ನು ಗುಳಿಗೆಯ ವಿಷಯ. "ಈಗ ನಾರ್ಮಲ್ ಆಗಿದೆ, ಬಿಟ್ಟೆ" ಎನ್ನುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ನಾರ್ಮಲ್ ಆಗಿರುವುದು ಗುಳಿಗೆಯಿಂದಲೇ ಅಲ್ಲವೇ? ಕೆಲವು ಗುಳಿಗೆಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲೇರುವುದುಂಟು. ರಾತ್ರಿ ಭೋಜನ ತ್ಯಾಗದ ನಿಯಮವುಳ್ಳ ಹಿರಿಯರು ರಾತ್ರಿಯ ಗುಳಿಗೆಯನ್ನು ಯಾರಿಗೂ ಹೇಳದೆ ಬಿಟ್ಟುಬಿಡುತ್ತಾರೆ, ಡಾಕ್ಟರರ ಮುಂದೆ ಹೇಳಲು ಸಂಕೋಚ. ಸಂಕೋಚಕ್ಕೆ ಕಾರಣವೇ ಇಲ್ಲ. ಇಪ್ಪತ್ತೊಂದು ಸಾವಿರ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ಗುಳಿಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಲಕ್ವಗಳ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಅಮ್ಲೋಡಿಪಿನ್‌ನಂಥವು ದಿನಕ್ಕೊಂದು ಸಾಕು. ಊಟದ ಜೊತೆಗೇ ಆಗಬೇಕೆಂದೂ ಇಲ್ಲ. ನಿಮ್ಮ ನಿಯಮವನ್ನು ಬಾಯಿಬಿಟ್ಟು ಹೇಳಿದರೆ ಹೊತ್ತು ಬದಲಿಸಿ ಕೊಡುವುದು ಡಾಕ್ಟರರಿಗೆ ಸಾಮಾನ್ಯವಾಗಿ ಕಷ್ಟವಾಗದು.

ನೀರೂ ಇಲ್ಲದ ಉಪವಾಸ ಮಾತ್ರ ಬೇರೆ ಮಾತು. ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ನೀರು ಬಿಟ್ಟರೆ ತಲೆ ತಿರುಗಿ ಬೀಳಬಹುದು, ಮೂತ್ರಪಿಂಡಕ್ಕೂ ಪೆಟ್ಟು. ಅಂಥವರಿಗೆ ಗುಳಿಗೆಯ ಪ್ರಮಾಣವನ್ನು ಪರ್ವಕ್ಕೆ ಮೊದಲೇ ಡಾಕ್ಟರರು ಗೊತ್ತು ಮಾಡಬೇಕು. ಏಕಾಶನವೂ ತಪವೇ. ಷೋಡಶಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ' ಎಂಬುದೊಂದಿದೆ. ಪೂಜೆಯಲ್ಲಿ ಪ್ರತಿವರ್ಷ ಅರ್ಘ್ಯ ಕೊಡುತ್ತೇವೆ, ಅರ್ಥ ಮಾತ್ರ ಮನೆಗೆ ತರುವುದಿಲ್ಲ.

ಉಪ್ಪಿನ ವಿಷಯದಲ್ಲಿ ನಮ್ಮ ಅಡಿಗೆಮನೆ ತಾನು ಸಾತ್ವಿಕವೆಂದು ಬೀಗುವಂತಿಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಎಂದರೆ ಸಪಾಟಾದ ಒಂದು ಚಹಾ ಚಮಚದೊಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟಮಿ, ಚತುರ್ದಶಿಗೆ ಹಸಿರು ಬಿಡುತ್ತೇವೆ. ಆ ಜಾಗಕ್ಕೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಶೇಂಗಾ ಹಿಂಡಿ ಬಂದು ಕೂಡುತ್ತವೆ. ಹಪ್ಪಳಕ್ಕೆ ಉಪ್ಪಿನ ಜೊತೆ ಹಾಕುವ ಖಾರದಲ್ಲೂ ಸೋಡಿಯಂ ಇದೆ. ಉಪವಾಸಕ್ಕೆ ಸೈಂಧವ ಲವಣ ಬಳಸಿದರೆ ಬಿ.ಪಿ.ಗೆ ತೊಂದರೆಯಿಲ್ಲವೆಂದು ಅನೇಕ ತಾಯಂದಿರು ಹೇಳುತ್ತಾರೆ. ರಕ್ತದೊತ್ತಡಕ್ಕೆ ಅದೂ ಉಪ್ಪೇ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ, ಮೂತ್ರಪಿಂಡದ ತೊಂದರೆ ಇದ್ದವರೂ ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರೂ ಕೇಳದೆ ಬಳಸಬಾರದು.

ರಸಪರಿತ್ಯಾಗದಲ್ಲಿ ಲವಣವೂ ಸೇರಿದೆ. ರವಿವಾರ ಉಪ್ಪು ಬಿಡುವ ಮನೆಗಳು ನಮ್ಮಲ್ಲಿವೆ. ಆದರೆ ಸೋಮವಾರ ಎರಡು ಪಟ್ಟು ತಿಂದರೆ ಬಂದ ಭಾಗ್ಯವೇನು? ಕಾಕೂ ಈಗ ಹಿಂಡಿಯನ್ನು ಉಪ್ಪಿಲ್ಲದೆ ಕುಟ್ಟಿ, ಮೇಲೆ ಲಿಂಬೆರಸ ಹಿಂಡುತ್ತಾರೆ. ರೊಟ್ಟಿಗಂತೂ ಅವರ ಮನೆಯಲ್ಲಿ ಮೊದಲಿನಿಂದಲೂ ಉಪ್ಪು ಹಾಕುವುದಿಲ್ಲ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋತುಬೀಳುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ಎಣ್ಣೆ ಹುಡುಕಬೇಡಿರಿ, 108ಕ್ಕೆ ಫೋನು ಮಾಡಿರಿ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪರ್ವಕ್ಕೆ ಹದಿನೈದು ದಿನ ಮುಂಚೆ ಹಿರಿಯರನ್ನು ಡಾಕ್ಟರರ ಬಳಿ ಕರೆದೊಯ್ಯುವಾಗ ಬರಿಯ ಚೀಟಿ ಸಾಲದು. ಗುಳಿಗೆಯ ಡಬ್ಬಿಯನ್ನೇ ಒಯ್ಯಿರಿ, ಎಷ್ಟು ಉಳಿದಿವೆಯೆಂದು ಹೊರಡುವ ಮೊದಲು ಎಣಿಸಿ ನೋಡಿರಿ.