ಚಿತ್ರಕ್ಕೆ ದನಿ ಬರುವುದು ಎಲ್ಲಿಂದ? ದಾಖಲೆ ಛಾಯಾಗ್ರಹಣ ಮತ್ತು ಅಂಚಿನ ಸಮುದಾಯಗಳು

‘ದನಿಯಿಲ್ಲದವರ ದನಿ’ ಎಂಬ ನುಡಿಗಟ್ಟು ಕನ್ನಡ ವಿಮರ್ಶೆಯಲ್ಲಿ ಬಳಸಿ ಬಳಸಿ ಸವೆದಿದೆ. ದಲಿತ-ಬಂಡಾಯ ಸಾಹಿತ್ಯವನ್ನು ಓದುವಾಗ ಆ ನುಡಿಗಟ್ಟನ್ನು ಪ್ರಶ್ನಿಸುವುದನ್ನೂ ನಾವು ಕಲಿತಿದ್ದೇವೆ. ಆ ಜನರಿಗೆ ದನಿಯೇ ಇರಲಿಲ್ಲವೇ, ಅಥವಾ ಇದ್ದ ದನಿಗೆ ಕಿವಿಗೊಡುವವರು ಇರಲಿಲ್ಲವೇ? ಕವಿತೆ, ಕತೆ, ಆತ್ಮಕಥನಗಳಿಗೆ ಕೇಳುವ ಈ ಪ್ರಶ್ನೆಯನ್ನು ಛಾಯಾಚಿತ್ರಕ್ಕೆ ಕೇಳುವುದು ಕಡಿಮೆ. ಚಿತ್ರ ಇದ್ದದ್ದನ್ನು ಇದ್ದಂತೆಯೇ ತೋರಿಸುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಜನರು ನಿಜವಾಗಿ ಬದುಕುವ, ದುಡಿಯುವ, ನೋಯುವ ಬಗೆಯನ್ನು ಮುಂದಿನವರಿಗೆ ಸಾಕ್ಷ್ಯವಾಗಿ ಉಳಿಯುವಂತೆ ಸೆರೆಹಿಡಿಯುವುದು ದಾಖಲೆ ಛಾಯಾಗ್ರಹಣದ ಉದ್ದೇಶ. ಸುದ್ದಿಚಿತ್ರ ಒಂದು ಘಟನೆಯನ್ನು ಹಿಡಿದರೆ, ದಾಖಲೆ ಚಿತ್ರ ಒಂದು ಸ್ಥಿತಿಯನ್ನು ಹಿಡಿಯುತ್ತದೆ. ಆದರೆ ಸಾಕ್ಷ್ಯವು ಯಾರ ಪರವಾದದ್ದು, ಯಾರ ಮುಂದೆ ಹೇಳಿದ್ದು ಎಂಬುದು ಕ್ಯಾಮೆರಾದಿಂದ ನಿರ್ಧಾರವಾಗುವುದಿಲ್ಲ. ಅದನ್ನು ನಿರ್ಧರಿಸುವುದು ಚಿತ್ರದಲ್ಲಿರುವವರಿಗೂ ಚಿತ್ರ ತೆಗೆಯುವವರಿಗೂ ಇರುವ ಸಂಬಂಧ.

ವರ್ಗೀಕರಿಸಲು ಬಂದ ಕ್ಯಾಮೆರಾ

ಭಾರತದ ಅಂಚಿನ ಸಮುದಾಯಗಳ ಮುಂದೆ ಕ್ಯಾಮೆರಾ ಮೊದಲು ನಿಂತದ್ದು ಅವರ ಮಾತು ಕೇಳುವುದಕ್ಕಲ್ಲ. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟಗಳು ಪ್ರಕಟವಾದವು. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ಈ ಸಂಪುಟಗಳಲ್ಲಿ 468 ಛಾಯಾಚಿತ್ರಗಳಿವೆ. ಅವುಗಳಲ್ಲಿರುವ ಬಹುಪಾಲು ಜನ ವ್ಯಕ್ತಿಗಳಲ್ಲ, ‘ಮಾದರಿಗಳು’. ಒಂದು ಮುಖ ಒಂದು ಜಾತಿಯ ಗುರುತು. ಅಡಿಬರಹದಲ್ಲಿ ಆ ಜಾತಿಯ ಹೆಸರು, ಜೊತೆಗೆ ಅದರ ಸ್ವಭಾವ, ಸರ್ಕಾರಕ್ಕೆ ಅದರ ನಿಷ್ಠೆ ಇವುಗಳ ಕುರಿತ ಆಡಳಿತಗಾರರ ಅಭಿಪ್ರಾಯ. 1857ರ ದಂಗೆಯ ತರುವಾಯ, ಆಳುವವರಿಗೆ ಆಳಿಸಿಕೊಳ್ಳುವವರನ್ನು ಗುರುತಿಸುವ ಅಗತ್ಯವಿದ್ದ ಕಾಲವದು.

ಮೈಸೂರು ಸಂಸ್ಥಾನದಲ್ಲಿಯೂ ಇಂಥದೊಂದು ಕಾರ್ಯ ನಡೆಯಿತು. 1915ರಲ್ಲಿ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಎಚ್.ವಿ. ನಂಜುಂಡಯ್ಯನವರು ಸಂಸ್ಥಾನದ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷೆಯನ್ನು ಕೈಗೊಂಡರು. ಅವರ ನಿಧನಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಪೂರ್ಣಗೊಳಿಸಿದರು. 1928ರಿಂದ 1935ರ ನಡುವೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನು 4 ಸಂಪುಟಗಳಲ್ಲಿ ಪ್ರಕಟಿಸಿತು. ಜಾನಪದ ಅಧ್ಯಯನಕ್ಕೆ ಈ ಸಂಪುಟಗಳ ಉಪಕಾರ ದೊಡ್ಡದು. ಆದರೂ ಅಲ್ಲಿ ಮಾತನಾಡುವವರು ವಿದ್ವಾಂಸರು, ಚಿತ್ರಗಳಲ್ಲಿರುವವರಿಗೆ ಮಾತಿಲ್ಲ.

ಇದಕ್ಕಿಂತ ಕಠಿಣವಾದ ಉದಾಹರಣೆ ನಮ್ಮ ಸೀಮೆಯನ್ನೇ ಸುಟ್ಟ 1876-78ರ ಬರಗಾಲದ್ದು. ಧಾತು, ಈಶ್ವರ ಸಂವತ್ಸರಗಳ ಆ ಕ್ಷಾಮ ಮೈಸೂರು, ಬಳ್ಳಾರಿ ಸೀಮೆಗಳನ್ನು ಬರಿದುಮಾಡಿತು. ಅನಂತಪುರ ಆಗಿನ್ನೂ ಬಳ್ಳಾರಿ ಜಿಲ್ಲೆಯ ಭಾಗ. ಅದು ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದುದು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮದರಾಸು ಸೈನ್ಯದ ಅಧಿಕಾರಿ ವಿಲೋಬಿ ವ್ಯಾಲೇಸ್ ಹೂಪರ್ ಈ ಬರದ ಚಿತ್ರಗಳನ್ನು ತೆಗೆದನು. ಮೂಳೆ ಚಕ್ಕಳವಾದ ಜನರನ್ನು ಕುಟುಂಬದ ಗುಂಪುಚಿತ್ರಕ್ಕೆ ಕೂರಿಸುವಂತೆ ಸಾಲಾಗಿ ಕೂರಿಸಿ ತೆಗೆದ ಚಿತ್ರಗಳವು. ಆ ಕಾಲದಲ್ಲಿಯೇ ಅವು ಟೀಕೆಗೆ ಗುರಿಯಾದವು. ಬರದ ಭೀಕರತೆಗೆ ಅವು ಇಂದಿಗೂ ಬಲವಾದ ಸಾಕ್ಷ್ಯ ಎಂಬುದು ನಿಜ. ಆದರೆ ಆ ದೇಹಗಳ ಹೆಸರೇನು, ಊರಾವುದು, ಅನ್ನ ಕೇಳಿದಾಗ ಯಾರು ಏನು ಹೇಳಿದರು ಎಂಬುದನ್ನು ಆ ಚಿತ್ರಗಳು ಹೇಳಲಾರವು.

ಕರುಣೆಯ ಮಿತಿ

ಆಳುವವರ ಕಣ್ಣಿಗೆ ಬದಲಾಗಿ ಕರುಣೆಯ ಕಣ್ಣು ಬಂದರೆ ಸಾಕೇ? ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಳ ಬಿಡಾರದಲ್ಲಿ ತೆಗೆದ ‘ಮೈಗ್ರಂಟ್ ಮದರ್’ ಎಂಬ ಚಿತ್ರ ಇದಕ್ಕೆ ಉತ್ತರ ಕೊಡುತ್ತದೆ. ಮಕ್ಕಳನ್ನು ಮೈಗೆ ಒತ್ತಿಕೊಂಡು ದೂರ ನೋಡುವ ತಾಯಿಯ ಆ ಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಸರ್ಕಾರ ಬಿಡಾರಕ್ಕೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಕೂಲಿ ಅರಸಿ ಮುಂದಿನ ಊರಿಗೆ ಹೋಗಿಯಾಗಿತ್ತು. ತಾನು ಆಕೆಯ ಹೆಸರನ್ನು ಕೇಳಲಿಲ್ಲವೆಂದು ಲ್ಯಾಂಗ್ ಅವರೇ ಮುಂದೆ ಬರೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೇನೂ ದಕ್ಕಲಿಲ್ಲವೆಂಬ ಬೇಸರ ಆಕೆಯ ಮಾತಿನಲ್ಲಿತ್ತು.

ಲ್ಯಾಂಗ್ ಅವರ ಸದಾಶಯ ಪ್ರಶ್ನಾತೀತ. ಚಿತ್ರದಿಂದ ಒಳಿತಾದದ್ದೂ ಉಂಟು. ಆದರೆ 42 ವರ್ಷಗಳ ಕಾಲ ಜಗತ್ತು ಒಂದು ಮುಖವನ್ನು ನೋಡಿತೇ ಹೊರತು ಒಬ್ಬ ಹೆಂಗಸಿನ ಮಾತನ್ನು ಕೇಳಲಿಲ್ಲ.

ಕೋಲಾರದ ಚಿನ್ನದ ಗಣಿ: ನಿರಾಕರಣೆಗೆ ಉತ್ತರ

ನೋಡಿಸಿಕೊಳ್ಳುವವರೇ ನೋಡುವವರಾದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಮಹತ್ವದ ನಿದರ್ಶನವಿದೆ. ಅದನ್ನು ಅರಿಯಲು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರೊಂದರಿಂದ ಆರಂಭಿಸಬಹುದು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ‘ಬೂಸಾ’ ಎಂದು ಹೇಳಿ ಚಳವಳಿಗೆ ಕಾರಣರಾದ ಸಚಿವ ಬಿ. ಬಸವಲಿಂಗಪ್ಪನವರು, ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದವರೂ ಹೌದು. ಬೂಸಾ ಪ್ರಕರಣ ದಲಿತ ಸಾಹಿತ್ಯ ಚಳವಳಿಗೆ ದಾರಿಯಾಯಿತು. ಆದರೆ ಬುಟ್ಟಿ ಎಲ್ಲ ಕಡೆಯೂ ಕೆಳಗಿಳಿಯಲಿಲ್ಲ.

ಇಳಿಯದ ಊರುಗಳಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶವೂ ಒಂದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ತಲುಪಿದ ಊರದು. ನೆಲದಾಳಕ್ಕೆ 3 ಕಿಲೋಮೀಟರಿಗೂ ಮಿಗಿಲಾಗಿ ಸುರಂಗ ಕೊರೆದ ಊರು. ಅಂಥಲ್ಲಿ ಗಣಿ ಕಾರ್ಮಿಕರ ವಸತಿಗಳಿಗೆ 1990ರ ದಶಕದ ಆದಿಯಲ್ಲಿಯೂ ಇದ್ದದ್ದು ಒಣ ಶೌಚಾಲಯಗಳು. ಅವುಗಳ ಮಲವನ್ನು ಬಕೆಟ್ಟುಗಳಲ್ಲಿ ತುಂಬಿ ಸಾಗಿಸುತ್ತಿದ್ದವರು ದಲಿತ ಕಾರ್ಮಿಕರು. ಬೆಜವಾಡ ವಿಲ್ಸನ್ ಹುಟ್ಟಿದ್ದು ಇಂಥದೊಂದು ಕುಟುಂಬದಲ್ಲಿ, 1966ರಲ್ಲಿ. ತಂದೆತಾಯಿಗಳು ತಮ್ಮ ಕಸುಬೇನೆಂಬುದನ್ನು ಮಗನಿಂದ ಬಹುಕಾಲ ಮರೆಮಾಡಿದ್ದರು. ತಿಳಿದ ಮೇಲೆ ಅವರು ಗಣಿ ಆಡಳಿತಕ್ಕೆ, ಮಂತ್ರಿಗಳಿಗೆ, ಪತ್ರಿಕೆಗಳಿಗೆ ಪತ್ರಗಳನ್ನು ಬರೆಯತೊಡಗಿದರು. ಆ ಪತ್ರಗಳು ಫಲ ಕೊಡಲಿಲ್ಲ.

ಇಲ್ಲಿ ದನಿಯ ಕೊರತೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ದನಿ ಇತ್ತು, ಬರಹವಿತ್ತು, ವಿಳಾಸವೂ ಇತ್ತು. ಇರದಿದ್ದುದು ಸತ್ಯವನ್ನು ಒಪ್ಪಿಕೊಳ್ಳುವ ಮನಸ್ಸು. 1993ರಲ್ಲಿ ಸಂಸತ್ತು ಮಲಹೊರುವ ಕೆಲಸವನ್ನೂ ಒಣ ಶೌಚಾಲಯಗಳ ನಿರ್ಮಾಣವನ್ನೂ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಬಂದಮೇಲೆ ‘ನಮ್ಮಲ್ಲಿ ಅಂಥದ್ದಿಲ್ಲ’ ಎನ್ನುವುದು ಆಡಳಿತಗಳಿಗೆ ಇನ್ನಷ್ಟು ಸುಲಭ. ಈ ಹಂತದಲ್ಲಿ ವಿಲ್ಸನ್ ಶೌಚಾಲಯಗಳನ್ನೂ ಅಲ್ಲಿ ನಡೆಯುತ್ತಿದ್ದ ಕೆಲಸವನ್ನೂ ಛಾಯಾಚಿತ್ರಗಳಲ್ಲಿ ದಾಖಲಿಸಿದರು. ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಮೂಲಕ ಅವು ಬೆಳಕಿಗೆ ಬಂದವು. ಪತ್ರಗಳು ಮಾಡಲಾಗದ್ದನ್ನು ಚಿತ್ರಗಳು ಮಾಡಿದವು: ಒಣ ಶೌಚಾಲಯಗಳು ನೀರಿನ ಶೌಚಾಲಯಗಳಾದವು, ಕಾರ್ಮಿಕರು ಬೇರೆ ಕೆಲಸಗಳಿಗೆ ವರ್ಗವಾದರು.

ಈ ಚಿತ್ರಗಳು ಗೆದ್ದದ್ದು ಸೌಂದರ್ಯದಿಂದಲ್ಲ, ಕರುಣೆಯಿಂದಲೂ ಅಲ್ಲ. ಯಾವ ಊರು, ಯಾರ ಆಡಳಿತ, ಯಾವ ಕಾಯ್ದೆಯ ಉಲ್ಲಂಘನೆ ಎಂಬುದು ಅವುಗಳ ಜೊತೆಗೇ ಇತ್ತು. ತೆಗೆದವರು ಆ ಕೇರಿಯವರೇ; ತೆಗೆದ ಕಾರಣವೂ ಆ ಕೇರಿಯದೇ. ವಿಲ್ಸನ್ ಮತ್ತು ಸಂಗಾತಿಗಳು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಈ ಸಾಕ್ಷ್ಯ ಸಂಗ್ರಹದ ಮಾರ್ಗವನ್ನು ದೇಶಕ್ಕೆ ವಿಸ್ತರಿಸಿತು. 2003ರಲ್ಲಿ ಅದು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. 2014ರ ಮಾರ್ಚ್ 27ರ ತೀರ್ಪು, 1993ರಿಂದೀಚೆಗೆ ಒಳಚರಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು.

ಅನುಕಂಪ ಮತ್ತು ಸ್ವಾನುಭವ

ಈ ವ್ಯತ್ಯಾಸ ನಮಗೆ ಹೊಸದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಹೊರಗಿನವರೊಬ್ಬರು ಆಳವಾದ ಅನುಕಂಪದಿಂದ ಕಂಡ ದಲಿತ ಬದುಕು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಒಳಗಿನಿಂದ ಬಂದ ಕಥನಗಳು. 1990ರ ದಶಕದಲ್ಲಿ ಕನ್ನಡ ದಲಿತ ಆತ್ಮಕಥನ ಹೀಗೆ ಮುನ್ನೆಲೆಗೆ ಬರುತ್ತಿದ್ದಾಗಲೇ ಚಿನ್ನದ ಗಣಿಯ ಚಿತ್ರಗಳೂ ಹೊರಬಂದವು. ಎರಡನ್ನೂ ಒಂದೇ ಚರಿತ್ರೆಯ ಭಾಗವಾಗಿ ಓದಬಹುದು. ಹಾಗೆಂದು ಹೊರಗಿನವರ ಕೃತಿಯೆಲ್ಲ ಸುಳ್ಳೆಂದಾಗಲಿ, ಒಳಗಿನವರ ಕೃತಿಯೆಲ್ಲ ಪರಿಪೂರ್ಣವೆಂದಾಗಲಿ ಅರ್ಥವಲ್ಲ. ಹೊರಗಿನವರ ಹೊಣೆ ಹೆಚ್ಚಿನದು ಎಂದಷ್ಟೇ ಅರ್ಥ.

ಕ್ಯಾಮೆರಾ ಕೈಯಲ್ಲಿಲ್ಲದೆಯೂ ಜನರು ಚಿತ್ರದ ಕರ್ತೃಗಳಾಗಬಲ್ಲರು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈಯಲ್ಲಿ ಮಲಹೊರುವ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಚಿತ್ರ ತೆಗೆದವರು ಪತ್ರಕರ್ತರು. ನಾಡು ಏನನ್ನು ನೋಡಬೇಕೆಂದು ನಿರ್ಧರಿಸಿದವರು ಪ್ರತಿಭಟನಕಾರರು. ತಮ್ಮನ್ನು ನೋಡದೆ ದಾಟಿ ಹೋಗುತ್ತಿದ್ದ ಸಮಾಜದ ಕಣ್ಣನ್ನು ಅವರು ತಡೆದು ನಿಲ್ಲಿಸಿದರು. ಅದಕ್ಕಾಗಿ ಅವರು ತೆತ್ತ ಬೆಲೆ ತಮ್ಮ ಘನತೆಯೇ ಆಗಿತ್ತು ಎಂಬುದನ್ನು ಆ ಚಿತ್ರಗಳನ್ನು ನೋಡುವವರು ಮರೆಯಬಾರದು.

ಅಡಿಬರಹದ ಹೊಣೆ

ಹಾಗಾದರೆ ಭಾಷೆಯ ವಿದ್ಯಾರ್ಥಿಗಳಿಗೆ ಇಲ್ಲೇನು ಕೆಲಸ? ಛಾಯಾಚಿತ್ರ ತಾನಾಗಿ ಮಾತನಾಡುವುದಿಲ್ಲ. ಅದಕ್ಕೆ ಮಾತು ಬರುವುದು ಅಡಿಬರಹದಿಂದ. ಪತ್ರಕರ್ತ ಪಿ. ಸಾಯಿನಾಥ್ 1993ರಿಂದ 2002ರವರೆಗೆ 10 ರಾಜ್ಯಗಳಲ್ಲಿ ಗ್ರಾಮೀಣ ಮಹಿಳೆಯರ ದುಡಿಮೆಯನ್ನು ಚಿತ್ರಿಸಿ ಒಂದು ಪ್ರದರ್ಶನವನ್ನು ರೂಪಿಸಿದರು. ಕಣ್ಣಿಗೆ ಕಾಣುವ ದುಡಿಮೆ, ಲೆಕ್ಕಕ್ಕೆ ಸಿಗದ ಹೆಂಗಸರು ಎಂಬುದು ಅದರ ವಸ್ತು. ಅಲ್ಲಿ ಚಿತ್ರದಷ್ಟೇ ತೂಕ ಬರಹಕ್ಕೂ ಇದೆ. ಅವರು 2014ರಲ್ಲಿ ಆರಂಭಿಸಿದ ಗ್ರಾಮೀಣ ಭಾರತದ ಜನರ ದಾಖಲೆ ಭಂಡಾರ ‘ಪರಿ’ ಕನ್ನಡದಲ್ಲಿಯೂ ವರದಿಗಳನ್ನು ಪ್ರಕಟಿಸುತ್ತದೆ. ಅದರ ಮುಖಚಿತ್ರಗಳ ಸಂಗ್ರಹದಲ್ಲಿ ಪ್ರತಿ ಮುಖದ ಜೊತೆಗೆ ಹೆಸರು, ಕಸುಬು, ಊರು ಇರುತ್ತವೆ. ‘ದಿ ಪೀಪಲ್ ಆಫ್ ಇಂಡಿಯಾ’ ಸಂಪುಟಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಮಾದರಿಯಾಗಿದ್ದವರು ವ್ಯಕ್ತಿಗಳಾದ ಬಗೆ ಸ್ಪಷ್ಟವಾಗುತ್ತದೆ.

ಬೆಳುಗುಪ್ಪ, ಕಲ್ಯಾಣದುರ್ಗ, ಹಿಂದೂಪುರದಂಥ ಗಡಿ ಸೀಮೆಗಳಲ್ಲಿ ಅಡಿಬರಹದ ಹೊಣೆ ಇನ್ನೂ ಹೆಚ್ಚು. ಇಲ್ಲಿ ಮನೆಯೊಳಗೆ ಕನ್ನಡವಾಡುವ ಕುಟುಂಬದ ಕಡತ ತೆಲುಗಿನಲ್ಲಿರುತ್ತದೆ. ಅದೇ ಕುಟುಂಬದ ಬಗೆಗಿನ ವರದಿ ಇಂಗ್ಲಿಷಿನಲ್ಲಿರಬಹುದು. ಕಡಲೆಕಾಯಿ ಹೊಲದಲ್ಲಿ ದುಡಿಯುವ ಹೆಂಗಸಿನ ಚಿತ್ರ ಯಾವ ಭಾಷೆಯನ್ನೂ ಆಡುವುದಿಲ್ಲ. ಆಕೆ ತನ್ನ ಕೂಲಿಯ ಬಗ್ಗೆ, ಬಾರದ ಮಳೆಯ ಬಗ್ಗೆ ಆಡಿದ ಮಾತು ಆಕೆಯದೇ ನುಡಿಯಲ್ಲಿ, ತೆಲುಗು ಬೆರೆತ ಆ ಕನ್ನಡದಲ್ಲಿಯೇ, ಚಿತ್ರದ ಕೆಳಗೆ ಉಳಿಯಬೇಕು. ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿದರೆ ಮುಖ ಆಕೆಯದು, ಮಾತು ನಮ್ಮದು ಎಂದಾಗುತ್ತದೆ.

ಆದ್ದರಿಂದ ಇಂಥ ಚಿತ್ರ ಎದುರಾದಾಗ, ಅಥವಾ ಮೊಬೈಲಿನಲ್ಲಿ ನಾವೇ ಅದನ್ನು ತೆಗೆಯುವಾಗ, ಕೇಳಬೇಕಾದ ಪ್ರಶ್ನೆಗಳು ಕೆಲವೇ. ಚಿತ್ರದಲ್ಲಿರುವವರು ಒಪ್ಪಿದ್ದಾರೆಯೇ? ಹೆಸರು ಹೇಳಿದರೆ ಅವರಿಗೆ ಗೌರವವೋ ಅಪಾಯವೋ, ಅದನ್ನು ನಿರ್ಧರಿಸಿದವರು ಯಾರು? ಊರು, ದಿನ, ಕೆಲಸ ದಾಖಲಾಗಿವೆಯೇ? ಅವರ ಮಾತು ಅವರದೇ ನುಡಿಯಲ್ಲಿ ಇದೆಯೇ? ಮುದ್ರಿತ ಚಿತ್ರವನ್ನು ಅವರು ನೋಡಿದ್ದಾರೆಯೇ, ಬೇಡವೆನ್ನುವ ಹಕ್ಕು ಅವರಿಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗ ಚಿತ್ರ ಸಾಕ್ಷ್ಯವಾಗುತ್ತದೆ. ಸಿಗದಿದ್ದಾಗ, ಎಷ್ಟೇ ಮನಕಲಕಿದರೂ, ಅದು ಹೂಪರನ ಬರಗಾಲದ ಚಿತ್ರಗಳ ಸಾಲಿಗೇ ಸೇರುತ್ತದೆ.