ಲ್ಯಾಪ್‌ಟಾಪ್‌ಗೊಂದು ಗಂಟಲು ಬೇಕು ಸ್ವಾಮಿ!

ಹೀರೋ ಎಂಟ್ರಿ ಕೊಟ್ಟ. ಕಣ್ಣು ಕೆಂಡ. ಎದುರಿಗೆ ವಿಲನ್. ಹೀರೋ ಬಾಯಿ ತೆಗೆದ... ಕೇಳಿಸಿದ್ದು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ! ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಿನಿಮಾ ನೋಡುವ ಅಭಿಮಾನಿ ಮಿತ್ರರ ಪಾಡು ಇದೇ ಅಲ್ವೆ?

ತಪ್ಪು ಹೀರೋದಲ್ಲ. ಲ್ಯಾಪ್‌ಟಾಪ್ ಹೊಟ್ಟೆಯೊಳಗಿನ ಸ್ಪೀಕರ್ ಹೆಬ್ಬೆರಳಿನಷ್ಟು. ಅದು ಎಷ್ಟು ಗಾಳಿ ತಳ್ಳೀತು? ಮೇಲಾಗಿ ಈಗಿನ ಚಿತ್ರಗಳ ಶಬ್ದ ಥಿಯೇಟರಿಗೆಂದು ಮಾಡಿದ್ದು. ಅಲ್ಲಿ ಮಾತು ಹೆಚ್ಚಾಗಿ ಪರದೆಯ ನಡುವಿನ ಸ್ಪೀಕರಿನಿಂದಲೇ ಬರುತ್ತೆ. ಇಲ್ಲಿ ಎಲ್ಲವನ್ನೂ ಎರಡಕ್ಕೆ ಹಿಂಡಿದಾಗ ಹಿನ್ನೆಲೆ ಸಂಗೀತ ಡೈಲಾಗಿನ ಮೇಲೆ ಸವಾರಿ ಮಾಡುತ್ತೆ. ಹೆಡ್‌ಫೋನ್ ಹಾಕ್ಕೊಳ್ಳಿ ಅನ್ನಬಹುದು. ಆದರೆ ನಾಲ್ಕು ಜನ ಕೂತು ಶಿಳ್ಳೆ ಹಾಕುವ ಸುಖ ಅದರಲ್ಲೆಲ್ಲಿ?

ಕಳೆದ ತಿಂಗಳು ನಮ್ಮ ಚಿಕ್ಕಪ್ಪನ ಮಗನ ಜತೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಹುಡುಗನ ಜೇಬಿನಲ್ಲಿ ಎರಡು ಸಾವಿರ, ಅದೂ ಓವರ್‌ಟೈಮ್ ದುಡ್ಡು. ಚಿಕ್ಕಮ್ಮ ಊರಿಂದ ಬರೋರಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ, ‘ನಾಗರಹಾವು’ ಅಂದ್ರೆ ಪ್ರಾಣ. ಅಂಗಡಿಯವನು ಬಣ್ಣದ ಲೈಟು ಮಿನುಗುವ ಡಬ್ಬ ತಂದಿಟ್ಟ.

“ಸಾವಿರ ವಾಟ್ ಸಾರ್!”

“ಅಣ್ಣಾ, ಲೈಟ್ ಎಷ್ಟ್ ಚೆನ್ನಾಗಿದೆ ನೋಡು.”

“ಲೈಟ್ ನೋಡೋಕೆ ಬಂದಿದ್ದೀವೇನೋ?” ಅಂದೆ.

ಆ ಸಾವಿರ ವಾಟ್ ಪಿ.ಎಂ.ಪಿ.ಓ. ಅನ್ನೋ ಲೆಕ್ಕ, ಅಂದರೆ ಬರೀ ಬಡಾಯಿ. ನೀವು ಕೇಳಬೇಕಾದ್ದು ಆರ್.ಎಂ.ಎಸ್. ವಾಟ್, ಅದು ನಿಂತು ದುಡಿಯುವ ಶಕ್ತಿ. ಇನ್ನೊಂದು ಗುಟ್ಟು: ಸಾಮಾನ್ಯ ಯು.ಎಸ್.ಬಿ. 2.0 ತೂತಿನಿಂದ ಸಿಗುವ ಕರೆಂಟು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿ, ಎರಡೂವರೆ ವಾಟ್! ಅದರಿಂದಲೇ ಉಸಿರಾಡುವ ಸ್ಪೀಕರ್ 50 ವಾಟ್ ಅಂದರೆ ನಂಬೋದು ಹೇಗೆ? ಲಾಜಿಟೆಕ್ ಝಡ್ 120 ಯು.ಎಸ್.ಬಿ.ಯಿಂದಲೇ ನಡೆಯುತ್ತೆ, ಡಬ್ಬದ ಮೇಲೆ 1.2 ವಾಟ್ ಅಂತ ಒಪ್ಪಿಕೊಳ್ಳುತ್ತೆ. ಒಬ್ಬರೇ ಹತ್ತಿರ ಕೂತು ನೋಡೋದಾದರೆ ಸಾಕು. ರೂಮು ತುಂಬಬೇಕಾ? ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದನ್ನೇ ಕೊಳ್ಳಿ.

ಇನ್ನು 2.0 ವೋ, 2.1 ವೋ? ಜಗಳ ಇಲ್ಲೇ. 2.1 ಅಂದರೆ ಎರಡು ಪುಟಾಣಿ, ಒಂದು ವೂಫರ್. ‘ಕೆ.ಜಿ.ಎಫ್.’ ಹಾಕಿದರೆ ಎದೆ ನಡುಗುತ್ತೆ, ನಿಜ. ಆದರೆ ಅಗ್ಗದ ಸೆಟ್ಟಿನಲ್ಲಿ ದುಡ್ಡೆಲ್ಲ ವೂಫರಿಗೇ ಹೋಗಿ, ಮಾತಾಡುವ ಪುಟಾಣಿಗಳು ಬಡವಾಗಿರುತ್ತವೆ. ಪಕ್ಕದ ಮನೆಯವರು ಗೋಡೆ ಕುಟ್ಟೋದು ಬೇರೆ! ಎರಡು ಸಾವಿರದೊಳಗೆ ನನ್ನ ಓಟು ಒಳ್ಳೆಯ 2.0 ಜೋಡಿಗೇ.

ಅಂಗಡಿಯಲ್ಲಿ ಡಿಸ್ಕೋ ಹಾಡು ಹಾಕಿ ತೋರಿಸ್ತಾರೆ, ಮೋಸ ಹೋಗಬೇಡಿ. ನಾವು ‘ನಾಗರಹಾವು’ ಚಿತ್ರವನ್ನೇ ಹಾಕಿಸಿದೆವು. ಚಾಮಯ್ಯ ಮೇಷ್ಟ್ರು, ಅಂದರೆ ನಮ್ಮ ಅಶ್ವಥ್, ರಾಮಾಚಾರಿ ಹತ್ತಿರ ಮೆತ್ತಗೆ ಮಾತಾಡೋ ಸೀನು. ವಾಲ್ಯೂಮ್ ತೀರಾ ಕಡಿಮೆ ಇಟ್ಟು ಮೂರು ಮಾರು ದೂರ ನಿಂತೆವು. 1972ರ ಚಿತ್ರ, ಅಲ್ಲಿ ವೂಫರಿಗೆ ಕೆಲಸವೇ ಕಮ್ಮಿ. ಲೈಟಿನ ಡಬ್ಬದಲ್ಲಿ ಮೇಷ್ಟ್ರು ಮಡಕೆಯೊಳಗಿಂದ ಮಾತಾಡಿದ ಹಾಗಿತ್ತು. ಮೂಲೆಯಲ್ಲಿದ್ದ ಕಪ್ಪು ಜೋಡಿಯಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿ! ಅದನ್ನೇ ಕಟ್ಟಿಸಿದೆವು. ಚಿಕ್ಕಮ್ಮ ಬಂದವರು ಪೂರ್ತಿ ಸಿನಿಮಾ ನೋಡಿದರು, ಒಂದು ಸಲವೂ “ಏನಂದ?” ಅಂತ ಕೇಳಲಿಲ್ಲವಂತೆ.

ಬ್ಲೂಟೂತ್ ಸ್ಪೀಕರ್ ಹಾಡಿಗೆ ಸೈ, ಸಿನಿಮಾಕ್ಕೆ ಪೇಚಾಟ. ಕೆಲವು ಸಲ ತುಟಿ ಮೊದಲು, ಮಾತು ಆಮೇಲೆ! ಈಗಾಗಲೇ ಕೊಂಡಿದ್ದರೆ ವಿ.ಎಲ್.ಸಿ. ಪ್ಲೇಯರಿನಲ್ಲಿ ಜೆ ಕೀ ಒತ್ತಿ. ಒಂದೊಂದು ಸಲಕ್ಕೆ 50 ಮಿಲಿಸೆಕೆಂಡ್ ಮಾತು ಮುಂದಕ್ಕೆ ಬರುತ್ತೆ. ಹೊಸದಾಗಿ ಕೊಳ್ಳುವವರು ವೈರಿನದೇ ಕೊಳ್ಳಿ. ಲ್ಯಾಪ್‌ಟಾಪಿನಲ್ಲಿ 3.5 ಎಂ.ಎಂ. ಪಿನ್ನಿನ ತೂತು ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ.

ತಂದ ಮೇಲೆ ಹಾಸಿಗೆ ಮೇಲೆ ಇಡಬೇಡಿ. ಟೇಬಲ್ ಮೇಲೆ, ಕಿವಿಯ ಎತ್ತರಕ್ಕೆ, ನಿಮ್ಮ ಕಡೆ ಮುಖ ಮಾಡಿ ಇಡಿ. ಬಿಲ್ ಬೇಡ ಅಂದ್ರೆ ನೂರು ರೂಪಾಯಿ ಬಿಡ್ತೀನಿ ಅಂತಾನೆ ಅಂಗಡಿಯವನು. ಬಿಡಬೇಡಿ, ಬಿಲ್ ಇಸ್ಕೊಳ್ಳಿ. ಮೂರು ತಿಂಗಳಿಗೆ ಎಡಗಡೆಯದು ಮೂಕಿಯಾದರೆ ವಾರಂಟಿಗೆ ಆ ಚೀಟಿಯೇ ಗತಿ.